ಅಲುಗಾಟ ಸೊನ್ನೆ

ತಮ್ಮನ ಬಲಗಾಲು ಮುರಿದದ್ದು ಒಂದು ಸೋಮವಾರ ಬೆಳಿಗ್ಗೆ ಏಳಕ್ಕೆ. ತೆಂಗಿನಕಾಯಿ ಕೆಡವುವವರು ಮೂರು ವಾರದಿಂದ ಬಂದಿರಲಿಲ್ಲ. ಕಾಲಿಗೆ ಸಿಕ್ಕಿಸಿಕೊಂಡು ಮರ ಹತ್ತುವ ಕಬ್ಬಿಣದ ಯಂತ್ರವನ್ನು ಯಾರಿಂದಲೋ ಕೇಳಿ ತಂದು, ಅರವತ್ತೆರಡನೇ ವಯಸ್ಸಿನಲ್ಲಿ ತಾನೇ ಹತ್ತಿದ. ಎರಡಾಳು ಎತ್ತರದಿಂದ ಜಾರಿದ. ನಾನು ತೋಟಕ್ಕೆ ಓಡಿದಾಗ ಮೊಣಕಾಲಿನಿಂದ ಕೆಳಗೆ ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಹತ್ತಬೇಡ ಎಂದು ಹೇಳಿದ್ದೆನಲ್ಲ ಎಂಬುದೇ ನನ್ನ ಬಾಯಿಂದ ಬಂದ ಮೊದಲ ಮಾತು.

ಪಟ್ಟಣದ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಮೂಳೆ ಕೂಡಿಕೊಳ್ಳುತ್ತದೆ, ಹೆದರಿಕೆ ಇರುವುದು ಬಾವಿನದು ಎಂದರು. ಮುರಿದ ಕಾಲು ಒಳಗೊಳಗೇ ಬಾತು ರಕ್ತದ ದಾರಿಯನ್ನು ಹಿಸುಕಿದರೆ ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯುತ್ತದೆ, ಆಮೇಲೆ ಯಾರೂ ಏನೂ ಮಾಡಲಾಗದು. ಬಾವು ಇಳಿಯುವವರೆಗೆ ಪ್ಲಾಸ್ಟರ್ ಹಾಕುವಂತಿಲ್ಲ. ಅದಕ್ಕೇ ಹೊಸ ಬಗೆಯ ಒಂದು ಕಟ್ಟು ಹಾಕಿದರು. ನೋಡಲು ಕ್ರಿಕೆಟ್ ಆಡುವವರ ಪ್ಯಾಡಿನ ಹಾಗಿತ್ತು, ನಾಲ್ಕು ಪಟ್ಟಿ. ಒಳಗೆ ಸೆನ್ಸರುಗಳಿದ್ದವು. ಕಾಲಿನ ಬಿಗಿತ, ಶಾಖ, ಅಲುಗಾಟ ಈ ಮೂರನ್ನೂ ಅಳೆದು ಮೊಬೈಲಿಗೂ ಆಸ್ಪತ್ರೆಗೂ ಕಳುಹಿಸುತ್ತಿದ್ದವು. ಮೊಬೈಲಿನಲ್ಲಿ ಹಸಿರು ಬಂದರೆ ಸರಿ. ಹಳದಿ ಬಂದರೆ ಕಾಲು ಎತ್ತರದಲ್ಲಿಡಬೇಕು. ಕೆಂಪು ಬಂದು ಗಂಟೆ ಬಾರಿಸಿದರೆ ನಾಲ್ಕೂ ಪಟ್ಟಿ ಸಡಿಲಿಸಿ ತಕ್ಷಣ ಕರೆತರಬೇಕು.

ಐದು ದಿನ ವಾರ್ಡಿನಲ್ಲಿರಲಿ ಎಂದರು ಡಾಕ್ಟರು. ನಾನೇ ಬೇಡವೆಂದೆ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು, ನಿಮ್ಮ ವಾರ್ಡಿಗಿಂತ ಕಟ್ಟುನಿಟ್ಟಾಗಿ ಮನೆಯಲ್ಲೇ ನೋಡಿಕೊಳ್ಳುತ್ತೇನೆ ಎಂದೆ. ಕೆಂಪು ಬಂದರೆ ತಡಮಾಡಬೇಡಿ ಎಂದು ಮತ್ತೊಮ್ಮೆ ಹೇಳಿ ಅವರು ಒಪ್ಪಿದರು.

ತಮ್ಮನ ಮನೆಗೂ ನನ್ನ ಮನೆಗೂ ಒಂದೇ ಅಂಗಳ. ನನ್ನ ಹೆಂಡತಿ ತೀರಿಕೊಂಡ ಮೇಲೆ ಊಟವೂ ಅವರಲ್ಲೇ. ಅವನದು ಬಟನ್ ಫೋನು, ಹಾಗಾಗಿ ಕಟ್ಟಿನ ಲೆಕ್ಕವೆಲ್ಲ ನನ್ನ ಫೋನಿಗೇ ಬರುವ ಹಾಗೆ ಮಾಡಿಸಿದ್ದೆ. ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕು. ಎಷ್ಟು ಹೊತ್ತಿಗೆ ಯಾವ ಬಣ್ಣ, ಏನು ಕಾರಣ, ಎಲ್ಲ ಬರೆದಿಡತೊಡಗಿದೆ.

ಮಂಗಳವಾರ ಬೆಳಿಗ್ಗೆ ಹಳದಿ ಬಂತು. ಹೋಗಿ ನೋಡಿದರೆ ತಮ್ಮ ಮಂಚದಿಂದ ಕಾಲು ಇಳಿಬಿಟ್ಟು ಬೀಡಿ ಹಚ್ಚಿದ್ದ. ಮಧ್ಯಾಹ್ನ ಒಮ್ಮೆ ಕೆಂಪೇ ಬಂತು. ಊರುಗೋಲು ಹಿಡಿದು ಜಗಲಿಗೆ ಬಂದು, ಅಂಗಳದಲ್ಲಿ ಕಾಯಿ ಸುಲಿಯುವ ಇಬ್ಬರ ಜೊತೆ ಹರಟುತ್ತಿದ್ದ. ನಾನು ಎಲ್ಲರೆದುರಿಗೇ ಟೈಮು ಸಮೇತ ಓದಿ ಹೇಳಿ ಅವನನ್ನು ಒಳಗೆ ಕಳಿಸಿದೆ. ಮಲಗಿ ಕಾಲು ದಿಂಬಿನ ಮೇಲಿಟ್ಟ ಹತ್ತು ನಿಮಿಷಕ್ಕೆ ಹಸಿರು ಬಂತು. ಸುಲಿಯುವವರಲ್ಲಿ ಹಿರಿಯವನು ನಕ್ಕ.

"ಮೇಷ್ಟ್ರೇ, ಅಂಥದ್ದೊಂದು ನಮ್ಮೆಮ್ಮೆ ಕಾಲ್ಗೂ ಕಟ್ಸಿ ಕೊಡ್ರಿ. ಯಾರ ಹೊಲ ಮೇಯ್ತದೆ ಅಂತ ಕೂತಲ್ಲೇ ಗೊತ್ತಾಯ್ತದೆ."

"ಎಮ್ಮೆನಾದ್ರೂ ಮಾತು ಕೇಳ್ತದೆ" ಎಂದೆ. ಒಳಗಿದ್ದ ತಮ್ಮನಿಗೆ ಕೇಳಲೆಂದೇ ಗಟ್ಟಿಯಾಗಿ ಹೇಳಿದೆ.

ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಒಂದು ತೀರ್ಮಾನ ಕೂತುಬಿಟ್ಟಿತ್ತು. ಬಣ್ಣ ಬಂತೆಂದರೆ ಇವನು ಅಲುಗಾಡಿದ್ದಾನೆ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಉಂಡೆ ಕೊಬ್ಬರಿ ಮಾಡುತ್ತೇವೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದ ಮೇಲೆ ಹತ್ತು ಹನ್ನೊಂದು ತಿಂಗಳು ಯಾರೂ ಕೈಯಾಡಿಸಬಾರದು. ಒಳಗಿನ ನೀರು ತಾನಾಗಿ ಹಿಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎನ್ನುವವರೆಗೆ ಕಾಯಬೇಕು. ನಡುವೆ ತಿರುವಿ ನೋಡುವ ಚಪಲ ಇದ್ದವನ ಕೊಬ್ಬರಿ ಕೌಟಾಗಿ ಕೆಡುತ್ತದೆ ಎಂದು ಅಪ್ಪ ನಮ್ಮಿಬ್ಬರ ಕೈಗೂ ಹೊಡೆದು ಕಲಿಸಿದ್ದರು. ಮುರಿದ ಮೂಳೆಯೂ ಹಾಗೇ ಎಂದುಕೊಂಡೆ. ಬಾವು ಹಿಂಗಬೇಕು. ಅಲ್ಲಿಯವರೆಗೆ ಮುಟ್ಟಬಾರದು, ಬಿಚ್ಚಬಾರದು, ಕದಲಿಸಬಾರದು.

ಬುಧವಾರ ಒಂಬತ್ತು ನಲವತ್ತಕ್ಕೆ ಕೆಂಪು ಬಂದು ಗಂಟೆ ಬಾರಿಸಿತು. ಹೋದೆ. ತಮ್ಮ ಮಲಗಿದ್ದ, ಕಾಲು ದಿಂಬಿನ ಮೇಲೇ ಇತ್ತು. ನನ್ನ ಹೆಜ್ಜೆ ಸಪ್ಪಳ ಕೇಳಿ ಎತ್ತಿಟ್ಟುಕೊಂಡಿದ್ದಾನೆ ಎಂದು ತಿಳಿದೆ. ನೋಟ್‌ಬುಕ್ಕಿನಲ್ಲಿ ಸಮಯ ಬರೆದು ಪಕ್ಕದಲ್ಲಿ "ಅಲುಗಾಡಿಸಿದ್ದಾನೆ" ಎಂದು ಬರೆದೆ.

"ಅಣ್ಣ, ಕಾಲು ಒಳಗೇ ಸಿಡೀತದೆ ಕಣ. ಒಂಚೂರು ಪಟ್ಟಿ ಸಡ್ಲ ಮಾಡು" ಎಂದ.

"ಸಡ್ಲ ಮಾಡಿದ್ರೆ ನೀನು ಇನ್ನೊಂದು ರೌಂಡು ಹೊಡ್ಕೊಂಡು ಬತ್ತೀಯ."

"ನಾನು ಕದಲೇ ಇಲ್ಲ ಕಣಣ್ಣ."

"ನಿದ್ದೇಲಿ ಆಡಿಸಿರ್ತೀಯ. ಮಿಷನ್ನು ಸುಳ್ಳು ಹೇಳ್ತದಾ?"

ಪಟ್ಟಿಗಳನ್ನು ಪರೀಕ್ಷಿಸಿದೆ. ಎರಡು ಸ್ವಲ್ಪ ಸಡಿಲ ಎನಿಸಿತು. ಎಳೆದು ಒಂದೊಂದು ಬೆರಳಷ್ಟು ಬಿಗಿ ಮಾಡಿದೆ. ಅವನು ಹಲ್ಲು ಕಚ್ಚಿಕೊಂಡ. ಊರುಗೋಲನ್ನು ನಮ್ಮ ಮನೆಗೆ ತಂದಿಟ್ಟು ಬಾಗಿಲು ಹಾಕಿದೆ.

ಹನ್ನೊಂದಕ್ಕೆ ಆಸ್ಪತ್ರೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಕೆಂಪು ತೋರಿಸುತ್ತಿದೆ, ಪಟ್ಟಿ ಬಿಚ್ಚಿ ಈಗಲೇ ಕರೆತನ್ನಿ ಎಂದಳು. ರೋಗಿ ಮಾತು ಕೇಳದವನು, ಕಾಲು ಆಡಿಸುತ್ತಾನೆ, ನಾನು ಸರಿಮಾಡಿದ್ದೇನೆ, ನೀವು ಗಾಬರಿಯಾಗಬೇಡಿ ಎಂದು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಅವಳು ಮತ್ತೆ ಏನೋ ಹೇಳಲು ಹೊರಟಾಗ ಸರಿಯಮ್ಮ ಎಂದು ಇಟ್ಟೆ. ಒಂದು ಗಂಟೆಗೆ ನನ್ನ ಊಟ, ಎರಡೂವರೆವರೆಗೆ ವಿಶ್ರಾಂತಿ. ಆ ಹೊತ್ತಿನಲ್ಲಿ ನನ್ನ ಫೋನು ಬೀರುವಿನಲ್ಲಿ ಸದ್ದಿಲ್ಲದೆ ಇರುತ್ತದೆ. ನಿವೃತ್ತನಾದಾಗಿನಿಂದ ಅದು ತಪ್ಪಿಲ್ಲ. ಅಂದೂ ತಪ್ಪಲಿಲ್ಲ. ಊಟಕ್ಕೆ ಕೂತಾಗ ಒಳಕೋಣೆಯಿಂದ ತಮ್ಮ ನರಳುವುದು ಕೇಳುತ್ತಿತ್ತು. ಅರವತ್ತೆರಡು ವರ್ಷದವನು ಹಾಗೆಲ್ಲ ಅರಚಬಾರದು ಎಂದು ಅವನ ಹೆಂಡತಿಗೆ ಹೇಳಿ ಸಾರು ಹಾಕಿಸಿಕೊಂಡೆ. ಅವಳೂ ನನ್ನ ಮಾತು ನಂಬಿದ್ದಳು. ಭಾವ ಇಷ್ಟು ನೋಡ್ಕತಾವ್ರೆ, ಸುಮ್ಮನೆ ಬಿದ್ಕೊಳ್ಳಕ್ಕೇನು ನಿಮ್ಗೆ ಎಂದು ಅವಳೂ ಒಳಗೆ ಹೋಗಿ ಗದರಿದಳು.

ಎರಡೂವರೆಗೆ ಬೀರು ತೆಗೆದು ನೋಡಿದರೆ ಆಸ್ಪತ್ರೆಯಿಂದ ಏಳು ಸಲ ಕರೆ ಬಂದಿತ್ತು. ಕೆಂಪು ಹಾಗೇ ಇತ್ತು. ಆಗಲೂ ನಾನು ಮಾಡಿದ್ದು ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ. ಅಂಗಳದಾಚೆಯ ನರಳಾಟ ನಿಂತಿತ್ತು. ನೋಡಿದೆಯಾ, ದಾರಿಗೆ ಬಂದ ಎಂದುಕೊಂಡೆ.

ಮೂರೂವರೆಗೆ ತಮ್ಮನ ಹೆಂಡತಿ ಅಂಗಳ ದಾಟಿ ಬಂದಳು. ಕಾಫಿ ಕೊಡಲು ಹೋದಾಗ ಅವನ ಪಾದಕ್ಕೆ ಅವಳ ಕೈ ತಗುಲಿತ್ತು.

"ಭಾವ, ಅವ್ರ ಪಾದ ಕೊಡದಲ್ಲಿರೋ ನೀರಿನಂಗೆ ತಣ್ಣಗದೆ. ನಾನು ಮುಟ್ಟಿದ್ದು ಅವ್ರಿಗೆ ಗೊತ್ತೇ ಆಗ್ಲಿಲ್ಲ."

ಅವಳ ಹಿಂದೆಯೇ ಓಡಿದೆ. ಪಟ್ಟಿ ಬಿಚ್ಚಿದೆ. ಕಾಲು ಪಟ್ಟಿ ಕಟ್ಟಿದ ಕಡೆಯಲ್ಲೆಲ್ಲ ಹಳ್ಳಬಿದ್ದು, ನಡುನಡುವೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಕಾರು ತರಿಸಿ ಪಟ್ಟಣ ಮುಟ್ಟುವ ಹೊತ್ತಿಗೆ ಐದಾಗಿತ್ತು. ದಾರಿಯಲ್ಲಿ ತಮ್ಮ ಒಮ್ಮೆಯೂ ನರಳಲಿಲ್ಲ. ನಾನು ಎರಡು ಸಲ ನೋಯುತ್ತಿದೆಯಾ ಎಂದು ಕೇಳಿದೆ. ಇಲ್ಲ ಎಂದ. ಅವನು ನೋಯುತ್ತಿದೆ ಎನ್ನಲಿ ಎಂದು ಆ ದಾರಿಯುದ್ದಕ್ಕೂ ಬೇಡಿಕೊಂಡೆ.

ಕಾಲಿನ ಎರಡೂ ಬದಿ ಸೀಳಿ ಬಿಗಿತ ಬಿಡಿಸಿದರು. ಕಾಲು ಉಳಿಯಿತು. ಪಾದ ಎತ್ತುವ ಮಾಂಸಖಂಡ ಸತ್ತಿತ್ತು. ನಾಲ್ಕನೆಯ ದಿನ ಡಾಕ್ಟರು ನನ್ನೆದುರಿಗೇ ಸೂಜಿ ಹಿಡಿದು, ಚುಚ್ಚಿದಾಗ ಹೇಳಿ ಎಂದು ತಮ್ಮನಿಗೆ ಹೇಳಿದರು. ಅವನು ಸೂರು ನೋಡುತ್ತ ಮಲಗಿದ್ದ. ಹೆಬ್ಬೆರಳ ಬುಡದಲ್ಲಿ ಒಂದು, ಪಾದದ ಮೇಲೆ ಎರಡು ಕಡೆ ರಕ್ತದ ಹನಿ ಮೂಡಿತು.

"ಚುಚ್ಚಿ ಡಾಕ್ಟ್ರೇ, ಯಾಕೆ ಹಂಗೇ ನಿಂತ್ರಿ" ಎಂದ ತಮ್ಮ.

ಆಮೇಲೆ ಡಾಕ್ಟರು ನನ್ನನ್ನು ಕೋಣೆಗೆ ಕರೆದು ಕಂಪ್ಯೂಟರಿನಲ್ಲಿ ಬುಧವಾರದ ದಾಖಲೆ ತೋರಿಸಿದರು. ಬಿಗಿತದ ಗೆರೆ ಒಂಬತ್ತಕ್ಕೆ ಏರತೊಡಗಿ, ನಾನು ಪಟ್ಟಿ ಎಳೆದ ಹೊತ್ತಿಗೆ ನೆಟ್ಟಗೆ ಮೇಲೆ ಹೋಗಿತ್ತು. ಶಾಖದ ಗೆರೆ ಇಳಿದಿತ್ತು. ಅಲುಗಾಟದ ಸಾಲಿನಲ್ಲಿ ಬೆಳಿಗ್ಗೆಯಿಂದ ನಾನು ಬಿಚ್ಚುವವರೆಗೂ ಸೊನ್ನೆ, ಸೊನ್ನೆ, ಸೊನ್ನೆ. ಇದೇ ದಾಖಲೆ ನನ್ನ ಫೋನಿನಲ್ಲೂ ಇತ್ತಂತೆ, ಬಣ್ಣದ ಮೇಲೆ ಬೆರಳಿಟ್ಟಿದ್ದರೆ ತೆರೆಯುತ್ತಿತ್ತಂತೆ. ಅವರು ಬೈಯಲಿಲ್ಲ. ಇವರು ಅಲುಗಾಡೇ ಇಲ್ಲವಲ್ಲ ಮೇಷ್ಟ್ರೇ ಎಂದಷ್ಟೇ ಕೇಳಿದರು. ನನ್ನ ಜೇಬಿನಲ್ಲಿ ಅದೇ ದಿನದ ಪುಟದಲ್ಲಿ "ಅಲುಗಾಡಿಸಿದ್ದಾನೆ" ಎಂದು ಐದು ಸಲ ಇತ್ತು, ಅಕ್ಷರ ದುಂಡಗಿತ್ತು.

ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ತಮ್ಮ ಒಂದೇ ಮಾತು ಹೇಳತೊಡಗಿದ. ಅಣ್ಣ ಬಡ್ಕೊಂಡ, ನಾನೇ ನಿದ್ದೇಲಿ ಆಡಿಸ್ಬುಟ್ಟೆ. ತುರುವೇಕೆರೆಯ ಬೀಗರಿಗೆ, ಕೆಂಕೆರೆಯ ನೆಂಟರಿಗೆ, ಕಾಯಿ ಸುಲಿಯುವವರಿಗೆ ಅದೇ ಮಾತು. ಅವನ ಹೆಂಡತಿ ತಲೆ ಚಚ್ಚಿಕೊಂಡು ಅವನನ್ನೇ ಬೈಯುತ್ತಿದ್ದಳು. ಮೇಷ್ಟ್ರ ಮಾತು ಕೇಳ್ಬೇಕಿತ್ತು ಎಂದು ಬಂದವರು ಹೇಳಿ ಹೋಗುತ್ತಿದ್ದರು. ಪಾದ ಜೋತುಬೀಳದ ಹಾಗೆ ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿಕೊಂಡು, ಬಲಗಾಲಿನ ಪ್ರತಿ ಹೆಜ್ಜೆಗೂ ಮೊಣಕಾಲು ಎದೆಯತ್ತ ಎತ್ತಿ ಇಡುತ್ತ ಅವನು ತೋಟದ ಬೇಲಿಯವರೆಗೆ ನಡೆಯುತ್ತಾನೆ. ಅಲ್ಲಿಂದಾಚೆ ಉಳುಮೆಯ ಹೆಂಟೆಯಲ್ಲಿ ಹೋಗಲಾಗದೆ ನಿಲ್ಲುತ್ತಾನೆ.

ಏಳು ತಿಂಗಳು ನಾನು ಸುಮ್ಮನಿದ್ದೆ. ಒಂದು ಬೆಳಿಗ್ಗೆ ಬೇಲಿಯ ಹತ್ತಿರ ಅವನೊಬ್ಬನೇ ನಿಂತಿದ್ದಾಗ ಹೋಗಿ ಸೊನ್ನೆಗಳ ವಿಷಯ ಹೇಳಿದೆ. ನೀನು ಕದಲಿರಲಿಲ್ಲ, ಬಿಗಿ ಮಾಡಿದ್ದು ನಾನು ಎಂದೆ.

ಅವನು ಮರಗಳ ತಲೆ ನೋಡುತ್ತಲೇ ಇದ್ದ.

"ನಂಗೊತ್ತಿಲ್ವಾ? ಕಾಲು ನಂದಲ್ವಾ? ನೀನು ಯಾವತ್ತು ಬಾಯ್ಬಿಡ್ತೀಯ ಅಂತ ನೋಡ್ತಿದ್ದೆ ಕಣಣ್ಣ. ಎಲ್ರ ಮುಂದೂ ಹೇಳ್ದೆ. ಒಂದ್ಸಲನೂ ಅಲ್ಲ ಅನ್ನಲಿಲ್ಲ ನೀನು."

ಮಾರನೆಯ ದಿನ ಹಂದನಕೆರೆಯಿಂದ ಅವನ ಹೆಂಡತಿಯ ಅಣ್ಣ ಬಂದ. ಜಗಲಿಯಲ್ಲಿ ನಾವು ಮೂವರೂ ಕೂತಿದ್ದೆವು. ತಮ್ಮ ಪಂಚೆ ಸರಿಸಿ ಕಾಲು ತೋರಿಸುತ್ತ, ಅಣ್ಣ ಬಡ್ಕೊಂಡ, ನಾನೇ ನಿದ್ದೇಲಿ ಆಡಿಸ್ಬುಟ್ಟೆ ಎಂದ. ಆಮೇಲೆ ನನ್ನ ಕಡೆ ತಿರುಗಿದ.

"ಅಲ್ವೇನಣ್ಣ?"

ಹೂಂ ಎಂದೆ.