ಚಂದ್ರುವಿನ ಹಿಂದೆ ನಡೆದ ಆಟೋಗಳು

ಮೈಸೂರಿನ ಅಶೋಕಪುರಂನ ವಾಣಿಗೆ ಮಾತು ಕಡಿಮೆ. ರವಿಕೆ ಹೊಲಿಸಲು ಬಂದವರು ಊರ ಸುದ್ದಿಯೆಲ್ಲ ಹೇಳಿ ಎದ್ದು ಹೋಗುತ್ತಿದ್ದರು. ಅವಳು ಅಳತೆ ಕೇಳುವುದಕ್ಕಷ್ಟೇ ಬಾಯಿ ಬಿಡುತ್ತಿದ್ದಳು. ಮಾತೆಲ್ಲ ಗಂಡ ಚಂದ್ರುವಿನದು. ಅವನದು ಆಟೋ. ಬ್ಯಾಂಕಿಗೆ, ಆಸ್ಪತ್ರೆಗೆ ಹೋಗುವ ವಯಸ್ಸಾದವರು ಅವನನ್ನೇ ಫೋನ್ ಮಾಡಿ ಕರೆಸಿಕೊಳ್ಳುತ್ತಿದ್ದರು.

ಆ ಶುಕ್ರವಾರ ಸಂಜೆ ಕುವೆಂಪುನಗರದಲ್ಲಿ ಪೊಲೀಸರು ಅವನಿಗೆ ಗುಂಡು ಹೊಡೆದರು. ಆಟೋದಲ್ಲಿ ತಪ್ಪಿಸಿಕೊಂಡ ಸರಗಳ್ಳನೊಬ್ಬನನ್ನು ಅವರು ಹುಡುಕುತ್ತಿದ್ದರು. ವಾಣಿ ದೊಡ್ಡಾಸ್ಪತ್ರೆ ಸೇರುವಷ್ಟರಲ್ಲಿ ಜೀವ ಹೋಗಿತ್ತು. ಚಂದ್ರುವೇ ಆ ಕಳ್ಳ, ಮಚ್ಚು ಬೀಸಿದ, ಬೇರೆ ದಾರಿಯಿರಲಿಲ್ಲ ಎಂದು ಪೊಲೀಸರು ಹೇಳಿದ್ದು ಟಿವಿಯಲ್ಲಿ ಬರುತ್ತಿತ್ತು.

ಮರುದಿನ ಪೋಸ್ಟ್‌ಮಾರ್ಟಂ ಮುಗಿಯಿತು. ಜನ ಸೇರುವ ಮುಂಚೆ ಮಣ್ಣು ಮಾಡಿಬಿಡಿ ಎಂದು ಅಧಿಕಾರಿಯೊಬ್ಬರು ನಯವಾಗಿಯೇ ಹೇಳಿ, ಸಹಿ ಹಾಕಲು ಪೆನ್ನು ಚಾಚಿದರು. ವಾಣಿ ಪೆನ್ನು ಮುಟ್ಟಲಿಲ್ಲ.

"ಕಳ್ಳ ಅನ್ನೋ ಹೆಸ್ರು ಹೊರ್ಸಿ ಅವ್ರನ್ನ ಮಣ್ಣು ಮಾಡಕ್ಕೆ ನಾನು ಬುಡಲ್ಲ ಸಾರ್. ಗುಂಡು ಹೊಡ್ದೋರ ಮೇಲೆ ಕೇಸಾಗ್ಲಿ. ಆಮೇಲೆ ಕರ್ಕೊಂಡೋಯ್ತೀನಿ."

ಅಷ್ಟು ಹೇಳಿ ಶವಾಗಾರದ ಮುಂದೆ ನೆಲದ ಮೇಲೆ ಕೂತಳು. ಪಕ್ಕದಲ್ಲಿ ಅತ್ತೆ ಬೋರಮ್ಮ ಕೂತರು. ನೋಡನೋಡುತ್ತ ಇಡೀ ಬೀದಿಯೇ ಬಂತು. ಮಧ್ಯಾಹ್ನದ ಹೊತ್ತಿಗೆ ಗೇಟಿನಾಚೆಗೂ ಜನ: ಆಟೋದವರು, ಕಾಲೇಜಿನ ಹುಡುಗಿಯರು, ಮಾರುಕಟ್ಟೆಯ ಹೂವಿನವರು. ಕೆಲವರು ಕಲ್ಲೆತ್ತಿಕೊಂಡಾಗ ಬೋರಮ್ಮ ಎದ್ದು ಒಬ್ಬೊಬ್ಬರ ಮುಂದೆಯೂ ಸೆರಗೊಡ್ಡಿದರು. ಕಲ್ಲುಗಳೆಲ್ಲ ಆ ಸೆರಗಿಗೆ ಬಿದ್ದವು.

ಭಾನುವಾರ ಬೆಳಿಗ್ಗೆ ಗುಂಪು ತಾನಾಗಿ ದಾರಿ ಬಿಟ್ಟಿತು. ಕೋಲೂರಿಕೊಂಡು ಬಂದವರು ಕುವೆಂಪುನಗರದ ಅಲಮೇಲಮ್ಮ. ಚಂದ್ರು ಕೊನೆಯದಾಗಿ ಆಟೋದಲ್ಲಿ ಕರೆತಂದಿದ್ದದ್ದು ಅವರನ್ನೇ. ಪೊಲೀಸು, ಕೋರ್ಟು ನಮಗ್ಯಾಕಮ್ಮ ಎಂದು ಮಗ ವಾಗೀಶ ತಡೆದಿದ್ದನಂತೆ. ಕೇಳದೆ ಹೊರಟಾಗ ಅವನೂ ಹಿಂದೆಯೇ ಬಂದಿದ್ದ. ಆಕೆ ವಾಣಿಯ ಕೈ ಹಿಡಿದು, ಟಿವಿಯವರ ಮೈಕುಗಳ ಮುಂದೆ ನಿಂತರು.

"ಅವನ ಕೈಲಿ ಮಚ್ಚಿರಲಿಲ್ಲ. ನನ್ನ ತರಕಾರಿ ಚೀಲ ಇತ್ತು. ಭಾರ ಇದೆ, ಬಾಗಿಲವರೆಗೂ ನಾನೇ ತಂದುಕೊಡ್ತೀನಿ ಅಂತ ಇಳಿದಿದ್ದ. ನಾನು ಕಣ್ಣಾರೆ ಕಂಡಿದ್ದೀನಿ. ಎಲ್ಲಿ ಬೇಕಾದರೂ ಬಂದು ಹೇಳ್ತೀನಿ."

ಸಂಜೆಯೊಳಗೆ ಗುಂಡು ಹೊಡೆದ ಸಬ್ ಇನ್ಸ್‌ಪೆಕ್ಟರ್ ಮೇಲೆ ಕೊಲೆ ಕೇಸು ದಾಖಲಾಯಿತು.

ಸೋಮವಾರ ಹೆಣ ಹೊರಟಿತು. ವಾಣಿ ತಲೆ ತಗ್ಗಿಸಿಕೊಂಡೇ ನಡೆದಳು. ರಾಮಸ್ವಾಮಿ ಸರ್ಕಲ್ ಹತ್ತಿರ ಯಾಕೋ ವಿಚಿತ್ರ ಅನ್ನಿಸಿತು. ಇಷ್ಟು ಜನ, ಆದರೆ ಸದ್ದೇ ಇಲ್ಲ. ತಿರುಗಿ ನೋಡಿದಳು. ಕಣ್ಣು ಹೋದಷ್ಟು ದೂರಕ್ಕೂ ಆಟೋಗಳು. ಒಂದರದೂ ಎಂಜಿನ್ ಓಡುತ್ತಿರಲಿಲ್ಲ. ಸುಡುವ ಬಿಸಿಲಲ್ಲಿ ಚಾಲಕರು ಇಳಿದು ತಮ್ಮ ತಮ್ಮ ಗಾಡಿಗಳನ್ನು ಕೈಯಲ್ಲೇ ತಳ್ಳಿಕೊಂಡು ಬರುತ್ತಿದ್ದರು. ಅಂಗಡಿಗಳ ಬಾಗಿಲು ಹಾಕಿತ್ತು. ಅಂಗಡಿಯವರು ಚಪ್ಪಲಿ ಬಿಟ್ಟು ಬೀದಿಗಿಳಿದು ನಿಂತಿದ್ದರು. ಬಂದೋಬಸ್ತಿಗಿದ್ದ ಪೇದೆಯೊಬ್ಬ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಬಾಡಿಗೆಗಾಗಿ ಬಿಸಿಲು ಮಳೆ ಅನ್ನದೆ ಅಲೆಯುತ್ತಿದ್ದ ಒಬ್ಬ ಮನುಷ್ಯನಿಗಾಗಿ ಮೈಸೂರು ಹೀಗೆ ಉಸಿರು ಬಿಗಿಹಿಡಿದು ನಿಲ್ಲುತ್ತದೆಂದು ವಾಣಿ ಕನಸಲ್ಲೂ ಎಣಿಸಿರಲಿಲ್ಲ. ಅವತ್ತಿನವರೆಗೆ ಬಾರದ ಅಳು ಅಲ್ಲಿ ಬಂತು. ಅತ್ತೆಯ ಭುಜ ಹಿಡಿದು ಅಳುತ್ತಲೇ ನಡೆದಳು.

ಗಾಡಿ ತಳ್ಳಿ ಎಂದು ಹೇಳಿದ್ದು ಯಾರು ಎಂದು ಆಮೇಲೆ ಆಟೋ ಸ್ಟ್ಯಾಂಡಿನ ಪುಟ್ಟಣ್ಣನನ್ನು ಕೇಳಿದಳು. ಯಾರೂ ಹೇಳಲಿಲ್ಲ ಕಣವ್ವ, ಮುಂದಿನವನು ಇಳಿದ, ನಾನೂ ಇಳಿದೆ ಅಂದ.

ಕೇಸು ಇನ್ನೂ ನಡೆಯುತ್ತಿದೆ. ಅಲಮೇಲಮ್ಮ ಸಾಕ್ಷಿ ಹೇಳಿದರು. ವಕೀಲರ ಅಡ್ಡಪ್ರಶ್ನೆಗೆ ಒಂದಕ್ಷರ ಬದಲಿಸಲಿಲ್ಲ. ವಾಯಿದೆ ಇದ್ದ ದಿನ ವಾಣಿ ಹೊಲಿಗೆ ಬದಿಗಿಟ್ಟು ಹೋಗುತ್ತಾಳೆ. ಅವಳನ್ನು ಕೋರ್ಟಿಗೆ ಬಿಡಲು ಸ್ಟ್ಯಾಂಡಿನಿಂದ ಪ್ರತಿಸಲ ಯಾರಾದರೊಬ್ಬರು ಮನೆ ಮುಂದೆ ಬಂದು ನಿಂತಿರುತ್ತಾರೆ.