ಅರವತ್ತು ದಾಟದ ಒಂದು ಭಾನುವಾರ

ನವೆಂಬರ್ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ರಾಯಚೂರು ಬಿಟ್ಟೆವು. ನಾನು, ಕಾರು ರಿಪೇರಿಯ ಖಾಜಾ ಮಿಸ್ತ್ರಿ ಮತ್ತು ಅವರು ಹೊಸ ಜೀವ ಕೊಟ್ಟ ನನ್ನ ಇಪ್ಪತ್ತೆರಡು ವರ್ಷದ ಪುಟ್ಟ ಕಾರು. ಮಾನ್ವಿ, ಅಲ್ಲಿಂದ ಸಿರವಾರದ ಮೇಲೆ ದೇವದುರ್ಗ, ಮಸರಕಲ್ ಹಾಯ್ದು ಮತ್ತೆ ರಾಯಚೂರು. ಹೆಚ್ಚುಕಡಿಮೆ ನೂರ ಅರವತ್ತು ಕಿಲೋಮೀಟರ್. ಈ ಊರುಗಳಲ್ಲಿ ನಮಗೆ ಯಾವ ಕೆಲಸವೂ ಇರಲಿಲ್ಲ. ಕೆಲಸವಿದ್ದದ್ದು ಬಾನೆಟ್ಟಿನ ಕೆಳಗೆ.

ನಾನು ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಪಾಠ ಮಾಡುವವಳು, ವಯಸ್ಸು ಐವತ್ತೊಂದು. ಮಣ್ಣಿನ ಟ್ರ್ಯಾಕಿನ ಕಾರ್ ಓಟಕ್ಕೆ ಹೆಸರು ಕೊಟ್ಟಿದ್ದೇನೆ ಎಂದಾಗ ಜೊತೆಯವರೆಲ್ಲ ನಕ್ಕರು. ಯಜಮಾನರು ನಗಲಿಲ್ಲ, ಎದ್ದು ಹೋಗಿ ನನ್ನ ಇನ್ಶೂರೆನ್ಸ್ ಕಾಗದ ಹುಡುಕಿದರು. ಮನಸ್ಸಿಟ್ಟು ಕೇಳಿಸಿಕೊಂಡವರು ಖಾಜಾ ಮಿಸ್ತ್ರಿ ಒಬ್ಬರೇ. ಮೂರು ತಿಂಗಳು ಅವರು ಇಂಜಿನ್ನನ್ನು ಪೂರ್ತಿ ಬಿಚ್ಚಿ, ಸಿಲಿಂಡರನ್ನು ಅಗಲಕ್ಕೆ ಬೋರ್ ಮಾಡಿಸಿ, ದಪ್ಪ ಪಿಸ್ಟನ್ ಕೂರಿಸಿ, ಗಾಳಿ ಒಳಗೆ ಹೋಗುವ ದಾರಿಯನ್ನು ಕೈಯಾರೆ ಅರದಿಂದ ಉಜ್ಜಿ ನುಣುಪು ಮಾಡಿದರು. ಗೇರ್‌ಬಾಕ್ಸನ್ನೂ ಓಟಕ್ಕೆ ತಕ್ಕಂತೆ ಬದಲಿಸಿದರು. ಇಷ್ಟೆಲ್ಲ ಮಾಡಿ ಕೊನೆಗೆ ಹಾಕಿದ ಷರತ್ತು ಒಂದೇ: ಮೊದಲ ಐನೂರು ಕಿಲೋಮೀಟರ್ ಅರವತ್ತರ ಮೇಲೆ ಹೋಗುವಂತಿಲ್ಲ. ಹೊಸ ಚಪ್ಪಲಿ ಕಾಲಿಗೆ ಹೊಂದುವ ಹಾಗೆ ಪಿಸ್ಟನ್ನಿನ ಹೊಸ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳಬೇಕಂತೆ.

ಹೊರಡುವ ಮುಂಚೆ ಮಿಸ್ತ್ರಿ ಇನ್ನೊಂದು ಕೆಲಸ ಮಾಡಿದರು. ತಮ್ಮ ರಿಪೇರಿ ಶೆಡ್ಡಿನ ಸಾಮಾನಿನ ಅಲಮಾರಿಗೆ ಬೀಗ ಹಾಕಿ, ಕೀಲಿಯನ್ನು ನನ್ನ ಕೈಗಿಟ್ಟರು.

"ಇದು ನಿಮ್ಮ ಹತ್ರ ಇರ್ಲಿ ಮೇಡಂ. ಇವತ್ತು ಇಂಜಿನ್ನಾಗ ಸದ್ದು ಬಂದು, ನನಗ ಅದು ಗೊತ್ತಾಗಲಿಲ್ಲ ಅಂದ್ರ ಕೀಲಿ ವಾಪಸ್ ಕೊಡಬ್ಯಾಡ್ರಿ. ನನ್ನ ಅಳಿಯಗ ಕೊಡ್ರಿ, ಸಾಮಾನೆಲ್ಲ ಮಾರಿಬಿಡ್ತಾನ. ನಿಮಗ ಕೇಳಿಸಿದ್ರ ಮಾತ್ರ ಖರೇ ಹೇಳಬೇಕು."

ಅವರಿಗೆ ಮಾತು ಕೇಳುತ್ತದೆ, ಲಾರಿಯ ಹಾರನ್ನೂ ಕೇಳುತ್ತದೆ. ಎರಡು ವರ್ಷದಿಂದ ಸಣ್ಣ ಸದ್ದು ಕೇಳುವುದಿಲ್ಲ. ದೀಪಾವಳಿಗೆ ಮುಂಚೆ ಅವರೇ ಕಟ್ಟಿದ ಒಂದು ಇಂಜಿನ್ನಿನ ಕಟಕಟ ಅವರ ಕಿವಿಗೆ ಬೀಳದೆ, ಅದು ದಾರಿಯಲ್ಲೇ ಹಾಳಾಗಿತ್ತು. ಗಿರಾಕಿ ಏನೂ ಅನ್ನಲಿಲ್ಲ. ಮಿಸ್ತ್ರಿ ಮಾತ್ರ ಮೂರು ದಿನ ಶೆಡ್ ತೆರೆಯಲಿಲ್ಲ. ನಾನು "ಆಯ್ತ್ರಿ" ಎಂದು ಕೀಲಿಯನ್ನು ಪರ್ಸಿಗೆ ಹಾಕಿಕೊಂಡೆ.

ಶೆಡ್ಡಿನ ಮೂಲೆಯ ಪಾನ್ ಅಂಗಡಿಯಲ್ಲಿ ಮೊದಲ ನಿಲುಗಡೆ. ಒಂದು ಪಾನ್ ಮಿಸ್ತ್ರಿಯ ಬಾಯಿಗೆ, ನಾಲ್ಕು ಕಿಸೆಗೆ. ನಲವತ್ತು ವರ್ಷದ ಚಟ. ಅರ್ಧ ಹಲ್ಲು ಆಗಲೇ ಬಿದ್ದಿವೆ, ಬಿಡಿಸಲು ನೋಡಿ ಡಾಕ್ಟರು, ಅವರ ಬೀಬಿ ಮತ್ತು ನಾನು ಮೂವರೂ ಸೋತಿದ್ದೇವೆ.

ಮಾನ್ವಿಗೆ ನಲವತ್ತೈದು ಕಿಲೋಮೀಟರ್. ಬೆಳಗಿನ ಗಾಳಿ ತಣ್ಣಗಿತ್ತು, ರಸ್ತೆ ಖಾಲಿಯಿತ್ತು. ಕಾಲು ಕೆಳಗೊತ್ತಿದರೆ ಹಾರುವ ಇಂಜಿನ್ನಿಟ್ಟುಕೊಂಡು ನಾನು ದಿಬ್ಬಣದ ಎತ್ತಿನಂತೆ ಸಾಗಿದೆ. ಸರ್ಕಾರಿ ಬಸ್ಸು ನಮ್ಮನ್ನು ಹಿಂದೆ ಹಾಕಿತು. ಮೂವರು ಕೂತ ಬೈಕೊಂದು ಹಿಂದೆ ಹಾಕಿತು. ಕಲ್ಲೂರಿನ ಹತ್ತಿರ ರಸ್ತೆಯುಬ್ಬಿಗೆ ನಿಧಾನ ಮಾಡಿದ್ದೆ, ಖಾಲಿ ಟ್ರ್ಯಾಕ್ಟರೊಂದು ಪಕ್ಕಕ್ಕೆ ಬಂದಾಗ ಅದರ ಡ್ರೈವರ್ ಕೂಗಿದ: "ಅಕ್ಕಾರ, ಹಗ್ಗ ಅದ ರೀ! ಕಟ್ಟಿ ಎಳಕೊಂಡು ಹೋಗ್ಲೇನು?"

ನನಗೆ ಮೈಯೆಲ್ಲ ಉರಿಯಿತು. ಮಿಸ್ತ್ರಿ ಪಾನ್ ಉಗುಳಿಕೊಳ್ಳುವಷ್ಟು ನಕ್ಕರು. "ಹೋಗ್ಲಿ ಬಿಡ್ರಿ. ಅವನ ಟ್ರ್ಯಾಕ್ಟರಿಗೆ ಓಟದಾಗ ಹೆಸರು ಕೊಟ್ಟಿಲ್ಲ."

ಮಾನ್ವಿಯಲ್ಲಿ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ, ಎರಡು ಸಲ ಚಹಾ. ಊರ ಸುತ್ತ ಭತ್ತದ ಕೊಯ್ಲು ನಡೆದಿತ್ತು. ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು, ಹೆಂಗಸರು ಕಾಲಿನಿಂದ ಸಾಲು ಎಳೆಯುತ್ತ ನಡೆಯುತ್ತಿದ್ದರು. ಅಲ್ಲಿಯವರೆಗೆ ನಾನು ಬಾಯಿ ತುಂಬ ಇಂಜಿನ್ನಿನದೇ ಮಾತಾಡಿದ್ದೆ: ಎಷ್ಟು ಮೆತ್ತಗೆ ಎಳೆಯುತ್ತದೆ, ಗೇರು ಎಷ್ಟು ಚಂದ ಬೀಳುತ್ತದೆ ಎಂದು.

ಸಿರವಾರದ ದಾರಿಯಲ್ಲಿ ಕಾಲುವೆಯ ಸೇತುವೆ ಏರುವಾಗ ಆಕ್ಸಿಲರೇಟರ್ ಸ್ವಲ್ಪ ಒತ್ತಿದೆ. ಟಿಕ್, ಟಿಕ್, ಟಿಕ್. ಇಳಿಜಾರಿಗೆ ಬಂದಾಗ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಬಂತು. ಪಕ್ಕಕ್ಕೆ ನೋಡಿದರೆ ಮಿಸ್ತ್ರಿ ಎರಡನೇ ಪಾನ್ ಜಗಿಯುತ್ತ, ಮಡಿಲಲ್ಲಿ ಕೈ ಜೋಡಿಸಿ, ಮಗಳ ಮನೆಗೆ ಹೊರಟ ಅಪ್ಪನಂತೆ ನೆಮ್ಮದಿಯಿಂದ ಕೂತಿದ್ದರು.

ಹೇಳಬೇಕಿತ್ತು. ಹೇಳಲಿಲ್ಲ. ಆ ಶೆಡ್ ಇಲ್ಲದ ರಾಯಚೂರು ನನಗೆ ಬೇಡವಾಗಿತ್ತು. ಕಿಟಕಿಯ ಗಾಜು ಏರಿಸಿದೆ. ಸದ್ದು ಬರದಷ್ಟು ಹಗುರಾಗಿ ಓಡಿಸಿದೆ. ಭತ್ತದ ಬಗ್ಗೆ, ಸೊಳ್ಳೆಗಳ ಬಗ್ಗೆ, ನನ್ನ ನಾದಿನಿಯ ಮಗಳ ಮದುವೆಯ ಬಗ್ಗೆ ಒಂದೇ ಸಮನೆ ಮಾತಾಡಿದೆ. ಮಿಸ್ತ್ರಿ "ಹೌದ್ರಿ, ಹೌದ್ರಿ" ಎನ್ನುತ್ತಿದ್ದರು. ಗದ್ದೆಗಳು ಮುಗಿದು ಹತ್ತಿಯ ಹೊಲಗಳು ಶುರುವಾದದ್ದೂ ನನಗೆ ತಿಳಿಯಲಿಲ್ಲ.

ಹನ್ನೆರಡೂವರೆಗೆ ದೇವದುರ್ಗ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ಊಟವಾದ ಮೇಲೆ ಮಿಸ್ತ್ರಿ ಬೇವಿನ ಮರದ ಕೆಳಗೆ ಸುಮ್ಮನೆ ಕೂತರು. ಒಂದು ಗಂಟೆಯಾಯಿತು, ಎರಡಾಯಿತು. ಬಾನೆಟ್ ಮುಟ್ಟಿ ನೋಡಿ, ಆರಿದೆ ಎಂದು ಗೊತ್ತಾದ ಮೇಲೆ ಹೇಳಿದರು: "ತೆಗೀರಿ ಇದನ್ನ."

"ಯಾಕ್ರಿ?"

"ಮಾನ್ವಿ ತನಕ ಬರೇ ಇಂಜಿನ್ ಮಾತು. ಮಾನ್ವಿ ದಾಟಿದ ಮ್ಯಾಲ ಅದರದು ಒಂದ ಮಾತೂ ಇಲ್ಲ. ನಿಮ್ಮ ನಾದಿನಿ ಮಗಳು ನನಗೇನಾಗಬೇಕ್ರಿ? ಸದ್ದು ಅದ. ನನಗ ಕೇಳವಲ್ದು, ನಿಮಗ ಕೇಳಾಕತ್ತದ."

ತಲೆ ತಗ್ಗಿಸಿ ಬಾನೆಟ್ ಎತ್ತಿದೆ, ಇಂಜಿನ್ ಚಾಲು ಮಾಡಿದೆ. ಆರಿದ ಇಂಜಿನ್ನಿನಲ್ಲಿ ಟಿಕ್ ಟಿಕ್ ನಿಂತಲ್ಲೇ ಬಂತು. ಮಿಸ್ತ್ರಿ ಬಾಯಿ ಮುಕ್ಕಳಿಸಿ, ಸೀಟಿನ ಕೆಳಗಿಂದ ಗೇಣುದ್ದದ ಸ್ಕ್ರೂಡ್ರೈವರ್ ತೆಗೆದರು. ತುದಿಯನ್ನು ಇಂಜಿನ್ನಿನ ನೆತ್ತಿಗೆ ಒತ್ತಿ, ಕಟ್ಟಿಗೆಯ ಹಿಡಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಎರಡೂ ಕಿವಿಗೆ ಬೆರಳಿಟ್ಟು ಕಣ್ಣು ಮುಚ್ಚಿದರು. ಹತ್ತಿ ಚೀಲದ ಮೇಲೆ ಕೂತಿದ್ದ ಮುದುಕರೊಬ್ಬರು ಎದ್ದು ಬಂದರು.

"ಏನ್ ಮಾಡಾಕತ್ತಾರವ್ವಾ?"

"ಸದ್ದು ಕೇಳಾಕತ್ತಾರ್ರಿ ಯಪ್ಪಾ."

"ಬಾಯಿಲೇನ?"

ಮಿಸ್ತ್ರಿ ನಾಲ್ಕು ಕಡೆ ತುದಿಯಿಟ್ಟು ಕಚ್ಚಿದರು. ಆಮೇಲೆ ಹಿಡಿಯನ್ನು ಒರೆಸಿಕೊಳ್ಳುತ್ತ ಹೇಳಿದರು: "ಕಬ್ಬಿಣದಾಗ ಇಲ್ಲ. ಇದ್ದಿದ್ರ ಹಲ್ಲಿಗೆ ಬಡೀತಿತ್ತು. ಇದು ಹೊರಗ ಸೋರೋ ಗಾಳಿ." ಅಂಗೈಯನ್ನು ನೀರಲ್ಲಿ ಅದ್ದಿ, ಹೊಗೆ ಹೊರಬೀಳುವ ಕೊಳವೆ ಇಂಜಿನ್ನಿಗೆ ಕೂಡುವ ಜಾಗದ ಸುತ್ತ ಆಡಿಸಿದರು. ಒಂದು ಕಡೆ ನಿಲ್ಲಿಸಿ ನನ್ನನ್ನು ಕರೆದರು. ಅಲ್ಲಿ ಪುಸ್, ಪುಸ್ ಎಂದು ಸಣ್ಣ ಉಸಿರು ನನ್ನ ಒದ್ದೆ ಬೆರಳಿಗೂ ತಾಗಿತು. ಸಂದಿಗೆ ಹಾಕಿದ್ದ ಹೊಸ ಪ್ಯಾಕಿಂಗು ಕಾದು ಕುಗ್ಗಿ, ನಟ್ಟುಗಳು ಸಡಿಲಾಗಿದ್ದವು. ಇಂಜಿನ್ ನಿಲ್ಲಿಸಿ ಮೂರು ನಟ್ಟು ಬಿಗಿದರು. ಮತ್ತೆ ಚಾಲು.

"ಈಗ?"

ಜೀವಮಾನದಲ್ಲಿ ಅಷ್ಟು ಮನಸ್ಸಿಟ್ಟು ಕೇಳಿದವಳಲ್ಲ ನಾನು. "ಇಲ್ರಿ. ದೇವರಾಣಿಗೂ ಇಲ್ಲ."

"ನಿಮ್ಮ ಆಣಿ ನಂಬೂದಿಲ್ಲ" ಎಂದು ಅಂಗೈಯನ್ನು ಮತ್ತೊಮ್ಮೆ ಒದ್ದೆ ಮಾಡಿ ಹಿಡಿದು ನೋಡಿದರು. ಆಮೇಲೆ ಬಾನೆಟ್ ಮುಚ್ಚಿದರು.

ಮಸರಕಲ್ ದಾಟಿದ ಮೇಲೆ ನಾನೇ ಮಾತು ತೆಗೆದೆ. "ತಪ್ಪಾತ್ರಿ ಮಿಸ್ತ್ರಿ. ನಿಮ್ಮ ಶೆಡ್ ಬಂದ್ ಆಗೋದು ನನಗ ನೋಡಾಕ ಆಗ್ತಿದ್ದಿಲ್ಲ."

ಅವರು ಹೊರಗೆ ನೋಡುತ್ತಲೇ ಹೇಳಿದರು: "ನಿಮಗ ನನ್ನ ಮ್ಯಾಲ ಪ್ರೀತಿ ಅದ ಅಂತ ಇಂಜಿನ್ ಸುಮ್ನ ಬಿಡ್ತದೇನ್ರಿ? ಟ್ರ್ಯಾಕಿನ್ಯಾಗ ಅದರಾಗ ಕೂಡೋರು ನೀವು. ನಿಮಗೇನರ ಆದ್ರ ನಾ ಯಾವ ಕೀಲಿ ಇಟ್ಕೊಂಡು ಏನ್ ಮಾಡ್ಲಿ?" ನನ್ನ ಕಣ್ಣು ತುಂಬಿ ಬಂದವು. ಅದಕ್ಕೂ ಅವರದೇ ಮಾತು: "ನೀರು ಒರಸ್ರಿ, ರಸ್ತಾ ಕಾಣಬೇಕು."

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ರಾಯಚೂರಿನ ಕೋಟೆಯ ಬೆಟ್ಟ ಕಂಡಿತು. ಮೀಟರಿನ ಮುಳ್ಳು ದಿನವಿಡೀ ಅರವತ್ತು ದಾಟಿರಲಿಲ್ಲ. ಶೆಡ್ಡಿನ ಮೂಲೆಗೆ ಬಂದು ರೂಢಿಯಂತೆ ಪಾನ್ ಅಂಗಡಿಯ ಮುಂದೆ ನಿಧಾನ ಮಾಡಿದೆ. ನಮ್ಮನ್ನು ಕಂಡ ಅಂಗಡಿಯವನು ಆಗಲೇ ಎಲೆ ಕೈಗೆತ್ತಿಕೊಂಡಿದ್ದ.

"ನಿಲ್ಲಸಬ್ಯಾಡ್ರಿ ಮೇಡಂ. ಮುಂದ ನಡೀರಿ."

"ಯಾಕ್ರಿ?"

ಮಿಸ್ತ್ರಿ ಉಳಿದ ಹಲ್ಲುಗಳ ಮೇಲೆ ಒಮ್ಮೆ ನಾಲಗೆ ಆಡಿಸಿದರು. "ಇನ್ನ ಇವು ಕೆಲಸಕ್ಕ ಬೇಕು" ಎಂದು ಹೇಳಿ, ಕೀಲಿಗಾಗಿ ಕೈ ಚಾಚಿದರು.