ನಾಲ್ಕು ಕಾಲಿನ ಸವತಿ

ನನ್ನ ಸವತಿಗೆ ನಾಲ್ಕು ಕಾಲು ಎಂದು ಕೂಲಿ ಲೈನುಮನೆಗಳ ಹೆಂಗಸರು ನಗಾಡುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ. ಒಳಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು.

ತೊಂಬತ್ತರ ದಶಕದ ಕೊನೆ. ಸಕಲೇಶಪುರದ ಆಚೆ ನಾವಿದ್ದ ಕಾಫಿ ಎಸ್ಟೇಟಿನಲ್ಲಿ ಒಂದು ಕಂದು ಹೆಣ್ಣುಕುದುರೆ ಇತ್ತು. ಧಣಿಗಳ ಮಗಳು ಅದನ್ನು ಜಿಗಿತದ ಸ್ಪರ್ಧೆಗಳಿಗೆ ಒಯ್ಯುತ್ತಿದ್ದಳು. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಗಂಡನದು. ಬೆಳಿಗ್ಗೆ ಎದ್ದವರೇ ಮೊದಲು ನೋಡುತ್ತಿದ್ದುದು ಅದರ ಲದ್ದಿಯನ್ನು. ಗಟ್ಟಿಯೋ ತೆಳುವೋ, ಕಾಳು ಜೀರ್ಣವಾಗದೆ ಹಾಗೇ ಬಂದಿದೆಯೋ ಎಂದು ಕಡ್ಡಿಯಲ್ಲಿ ಕೆದಕುವುದು. ಆಮೇಲೆ ಅದರ ಹೊಟ್ಟೆಗೆ ಕಿವಿ ಕೊಟ್ಟು ಕಣ್ಣು ಮುಚ್ಚಿ ನಿಲ್ಲುವುದು. ಒಳಗೆ ಗುಡುಗುಡು ಅಂದರೆ ಅವರ ಮುಖ ಅರಳುತ್ತಿತ್ತು. ನನಗೆ ವಾರವಿಡೀ ಹೊಟ್ಟೆನೋವಿದ್ದಾಗ "ಜೀರಿಗೆ ಕಷಾಯ ಕುಡಿ" ಅಂದು ಲಾಯಕ್ಕೆ ಹೋದ ಮನುಷ್ಯ!

ಒಂದು ದಿನ ಕೆ. ಹೊಸಕೋಟೆಯಲ್ಲಿ ನೆಂಟರ ಮನೆಯ ತಿಥಿ. ಗಂಡ ಹೊರಡುವಾಗ ಮೂರು ಸಲ ಹೇಳಿದರು.

"ಮೊದ್ಲು ಹುಲ್ಲು ಹಾಕು. ಅದು ತಿಂದಾದ್ಮೇಲೆ ಓಟ್ಸು, ಒಂದೇ ಸೇರು ಕಣೆ. ಹಸ್ದ ಹೊಟ್ಟೆಗೆ ಕಾಳು ಜಾಸ್ತಿ ಬಿದ್ರೆ ಕೆಟ್ಟೋಯ್ತದೆ."

ನಾನು ಹುಲ್ಲು ಮುಟ್ಟಲಿಲ್ಲ. ಮೂರು ಸೇರು ಓಟ್ಸು, ಅದರ ಮೇಲೆ ಬೇಯಿಸಿದ ಹುರುಳಿ, ಎರಡು ಅಚ್ಚು ಬೆಲ್ಲ. ಕೊಲ್ಲುವ ಮನಸ್ಸು ಖಂಡಿತ ಇರಲಿಲ್ಲ. ಅದು ನನ್ನ ಕೈರುಚಿಗೆ ಒಲಿಯಬೇಕು, ಅವರು ಬಂದಾಗ ತಿರುಗಿಯೂ ನೋಡಬಾರದು, ಅವರೂ ಒಂದು ದಿನ ನನ್ನ ಹಾಗೆ ಉರಿದುಕೊಳ್ಳಬೇಕು, ಅಷ್ಟೇ. ಕುದುರೆ ಬಕೆಟ್ಟಿನ ತಳ ನೆಕ್ಕಿ ನನ್ನ ಭುಜಕ್ಕೆ ಮೂತಿ ಒರೆಸಿತು. ಗೆದ್ದೆ ಎಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಅದು ನೆಲ ಕೆರೆಯತೊಡಗಿತು. ಮತ್ತೆ ಮತ್ತೆ ತಿರುಗಿ ಹೊಟ್ಟೆ ನೋಡಿಕೊಳ್ಳುವುದು, ಮಲಗಲು ಮಂಡಿ ಮಡಚುವುದು. ಅವರಂತೆಯೇ ಕಿವಿ ಕೊಟ್ಟು ಕೇಳಿದೆ. ಒಳಗೆ ಸದ್ದೇ ಇರಲಿಲ್ಲ. ಆಫೀಸಿಗೆ ಓಡಿ ಡಾಕ್ಟರಿಗೆ ಫೋನ್ ಮಾಡಿಸಿದೆ. ಅವರು ಬರುವವರೆಗೆ ಹಗ್ಗ ಹಿಡಿದು ಕುದುರೆಯನ್ನು ಕಣದ ಸುತ್ತ ನಡೆಸಿದೆ. "ಮಲಗ್ಬೇಡ ಕಣವ್ವಾ" ಎಂದು ಅಳುತ್ತಲೇ ಇದ್ದೆ.

ಡಾಕ್ಟರ್ ಸೂಜಿ ಚುಚ್ಚಿ, ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಬಿಡುವಾಗ ನನ್ನ ಗಂಡ ಬಂದರು.

"ಕಾಳು ಜಾಸ್ತಿ ಆಗಿತ್ತೇನಮ್ಮ?" ಡಾಕ್ಟರ್ ಕೇಳಿದರು.

"ಇವ್ರು ಹೇಳ್ದಷ್ಟೇ ಹಾಕಿದ್ದು" ಎಂದೆ.

ಸಂಜೆ ಕುದುರೆ ಲದ್ದಿ ಹಾಕಿತು. ಗಂಡ ಓಟ್ಸಿನ ಮೂಟೆಯನ್ನು ಮೂಸಿ, "ಇದೇ ಮುಗ್ಗಿರ್ಬೇಕು. ನಂದೇ ತಪ್ಪು, ನೋಡ್ದೆ ಇಳಿಸ್ಕೊಂಬುಟ್ಟೆ" ಎಂದು ಇಡೀ ಮೂಟೆಯನ್ನು ಗುಂಡಿಗೆ ಸುರಿದರು. ಆಮೇಲೆ ಬಂದು, ಹಗ್ಗ ಉಜ್ಜಿ ಗುಳ್ಳೆ ಎದ್ದಿದ್ದ ನನ್ನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನೀನಿದ್ದಿದ್ಕೆ ಉಳ್ಕೊಂತು ಕಣೆ."

ಮದುವೆಯಾಗಿ ಆರು ವರ್ಷದಲ್ಲಿ ಅವರು ನನ್ನನ್ನು ಹಾಗೆ ನೋಡಿರಲಿಲ್ಲ. ನಿಜ ಹೇಳಲು ಬಾಯಿ ತೆರೆದೆ. ಕೈ ಬಿಟ್ಟುಬಿಡುತ್ತಾರೆ ಎಂದು ಮುಚ್ಚಿಕೊಂಡೆ.